ಗಾಳಿಗೆ ಹೋದ ನಾಲ್ಕನೆಯ ಮುತ್ತು

"ಮೂರಕ್ಕೇ ನಿಲ್ಸಿ ಇನ್ಸ್‌ಪೆಕ್ಟ್ರೇ! ಇದು ಆರ್ಲ್, ನಿಮ್ಮ ನಾಂತ್ ಅಲ್ಲ," ಎಂದು ಕೆಫೆಯ ಒನೊರಾ ತನ್ನ ಬೋಳುತಲೆಯನ್ನು ಹಿಂದಕ್ಕೆ ಎಳೆದುಕೊಂಡ.

ಆನ್ಸೆಲ್ಮ್ ಪ್ರಿಯೂನ ತುಟಿ ಗಾಳಿಗೆ ಮುತ್ತಿಟ್ಟು ವಾಪಸಾಯಿತು. ಕಾಫಿ ಕುಡಿಯುತ್ತ ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು.

ಅವನು ಈ ಊರಿಗೆ ಬಂದ ವಾರದಿಂದ ದಿನಾ ಬೆಳಗ್ಗೆ ಇದೇ ಫಜೀತಿ. ಅವನ ಊರಾದ ನಾಂತ್‌ನಲ್ಲಿ ಪರಿಚಯದವರು ಸಿಕ್ಕರೆ ಕೆನ್ನೆಗೆ ನಾಲ್ಕು ಮುತ್ತು, ಬಲಗೆನ್ನೆಯಿಂದ ಶುರು. ಈ ದಕ್ಷಿಣದವರದು ಮೂರು, ಅದೂ ಎಡಗೆನ್ನೆಯಿಂದ. ಹಾಗಾಗಿ ಮೊದಲನೆಯ ಮುತ್ತಿಗೆ ಮೂಗಿಗೆ ಮೂಗು ಡಿಕ್ಕಿ, ಕೊನೆಯದಕ್ಕೆ ಕೆನ್ನೆಯೇ ಇರುವುದಿಲ್ಲ.

"ಹುಟ್ಟುಗುಣ ಸುಟ್ಟರೂ ಹೋಗಲ್ಲ ಮಾರಾಯ, ಏನ್ ಮಾಡ್ಲಿ?"

"ಹೋಗತ್ತೆ, ಯಾಕೆ ಹೋಗಲ್ಲ? ನಮ್ಮೋರ್ ಒಬ್ರ ಜೊತೆ ನಾಲ್ಕೈದು ವರ್ಷ ಒಡನಾಡಿ ನೋಡಿ. ಕತ್ತು ತಾನಾಗೇ ಈ ಕಡೆ ತಿರುಗತ್ತೆ."

ಆನ್ಸೆಲ್ಮ್‌ನ ಮುಖದ ನಗು ಅಲ್ಲೇ ಆರಿಹೋಯಿತು. ಹಾಗೆ ತಿರುಗಿದ ಒಂದು ಕತ್ತು ಅವನಿಗೆ ಗೊತ್ತಿತ್ತು.

ಅದು ಅವನ ಹೆಂಡತಿ ಆರ್ಮೆಲ್‌ಳದು. ಹೋದ ವರ್ಷ ಇದೇ ಫೆಬ್ರವರಿಯಲ್ಲಿ ಉತ್ತರದ ರೂವಾನ್ ಊರನ್ನು ಮತ್ತೊಮ್ಮೆ ನೋಡಲು ಹೋಗುತ್ತೇನೆಂದು ರೈಲು ಹತ್ತಿದವಳು, ದೇಶದ ಇನ್ನೊಂದು ತುದಿಯ ಈ ಊರಿನಲ್ಲಿ, ರೋನ್ ನದಿಯಲ್ಲಿ ಹೆಣವಾಗಿ ಸಿಕ್ಕಿದ್ದಳು. ಮಿಸ್ತ್ರಾಲ್ ಗಾಳಿ ಜೋರಿತ್ತು, ಮುದುಕಿ, ಕಾಲು ಜಾರಿತು ಎಂದು ಎಲ್ಲರೂ ಒಪ್ಪಿಕೊಂಡರು. ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ಬೆಂದು ನಿವೃತ್ತನಾದವನು ಮಾತ್ರ ಒಪ್ಪಲಿಲ್ಲ. ಅವಳು ಇಲ್ಲಿಗೆ ಏಕೆ ಬಂದಳು, ಕೊನೆಯ ಗಳಿಗೆಯಲ್ಲಿ ಜೊತೆಗೆ ಯಾರಿದ್ದರು ಎಂಬುದು ಗೊತ್ತಾಗದೆ ಅವನಿಗೆ ನಾಂತ್‌ನ ಮನೆಯಲ್ಲಿ ಅನ್ನ ಇಳಿಯುತ್ತಿರಲಿಲ್ಲ.

ಅಂದು ಮೇಣದಬತ್ತಿ ಹಬ್ಬ. ಒನೊರಾ ಕಾವಲಿಯ ಮೇಲೆ ಹಬ್ಬದ ತೆಳುದೋಸೆ, ಕ್ರೆಪ್, ಹುಯ್ಯುತ್ತಿದ್ದ. ಆನ್ಸೆಲ್ಮ್ ಒಂದು ತುಂಡು ಬಾಯಿಗಿಟ್ಟು ಮುಖ ಸಿಂಡರಿಸಿದ.

"ಇದು ಕ್ರೆಪ್ ಅಲ್ಲ, ಕಂಬಳಿ. ನಮ್ಮ ಕಡೆ ಇದನ್ನ ಚಳೀಲಿ ಹೊದ್ಕೋತಾರೆ."

"ಹೊಟ್ಟೆ ತುಂಬಿದವ್ರಿಗೆ ಹುಗ್ಗಿ ಮುಳ್ಳಂತೆ! ಸುಮ್ನೆ ಕೂತು ತಿನ್ನೋ ಬದ್ಲು ಆ ಗೋದಲಿ ಬಿಚ್ಚಿ. ಹಬ್ಬದ ದಿನ ತೆಗೀದೇ ಇದ್ರೆ ವರ್ಷವಿಡೀ ಅನಿಷ್ಟ ಅಂತಿದ್ಲು ನಮ್ಮಜ್ಜಿ."

ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕ್ರಿಸ್‌ಮಸ್ ಗೋದಲಿ ಇನ್ನೂ ಹಾಗೇ ಇತ್ತು. ಬಾಲಯೇಸುವಿನ ಸುತ್ತ ಹೆಬ್ಬೆರಳುದ್ದದ ಮಣ್ಣಿನ ಬೊಂಬೆಗಳು: ಬೆಸ್ತರವಳು, ಚಾಕು ಸಾಣೆಯವನು, ಒಂದೇ ಕೊಡೆ ಹಿಡಿದ ಮುದುಕ ಮುದುಕಿ. ಆನ್ಸೆಲ್ಮ್ ಒಂದೊಂದನ್ನೇ ಹಳೆಯ ಪತ್ರಿಕೆಯಲ್ಲಿ ಸುತ್ತತೊಡಗಿದ. ಕೈಗೆ ಬಂದ ವಸ್ತುವನ್ನು ತಿರುಗಿಸಿ ತಳ ನೋಡುವುದು ಅವನ ಹಳೆಯ ಚಾಳಿ.

ಬೆಸ್ತರವಳ ತಳದಲ್ಲಿ ಹೆಬ್ಬೆರಳ ಗುರುತೊಂದು ಒಣಗಿ ಕೂತಿತ್ತು. ಗುರುತಿನ ನಡುವೆ ಓರೆಯಾಗಿ ಒಂದು ಗೀರು, ಗಾಯ ಮಾಗಿದ ಗೀರು. ಮುದುಕನ ತಳದಲ್ಲೂ ಅದೇ. ಮುದುಕಿಯ ತಳದಲ್ಲೂ ಅದೇ.

ಅವನು ಸುತ್ತುತ್ತಿದ್ದ ಪತ್ರಿಕೆಯನ್ನು ಬದಿಗಿಟ್ಟ. ಮೆಲ್ಲಗೆ ಕೋಟಿನ ಒಳಜೇಬಿನಿಂದ ತನ್ನದೇ ಒಂದು ಬೊಂಬೆ ತೆಗೆದ. ಎರಡೂ ಕೈ ಮೇಲೆತ್ತಿ ಬಾಯಿ ತೆರೆದು ನಿಂತ ಪೆದ್ದ. ಇಲ್ಲಿಯ ಪ್ರತಿ ಗೋದಲಿಯಲ್ಲೂ ಇವನೊಬ್ಬ ಇದ್ದೇ ಇರುತ್ತಾನೆ. ಆರ್ಮೆಲ್ ಪ್ರತಿ ಪ್ರವಾಸದಿಂದಲೂ ಒಂದೊಂದು ಬೊಂಬೆ ತರುತ್ತಿದ್ದಳು. ಇದನ್ನು ಕೊಡುವಾಗ, "ರೂವಾನ್ ಸಂತೇಲಿ ಸಿಕ್ತು. ನಿನ್ ಥರಾನೇ ಇದಾನೆ ನೋಡು, ಎಲ್ಲಾ ಕಾಣತ್ತೆ, ಏನೂ ತಿಳಿಯಲ್ಲ," ಎಂದು ನಕ್ಕಿದ್ದಳು.

ಅವಳ ನೆನಪಿಗೆಂದು ವರ್ಷದಿಂದ ಎದೆಯ ಬಳಿ ಇಟ್ಟುಕೊಂಡು ತಿರುಗಿದವನು ಒಮ್ಮೆಯೂ ಅದರ ತಳ ನೋಡಿರಲಿಲ್ಲ. ಯಾರದೋ ಮನೆಯ ಲೋಟ, ಯಾರದೋ ಮನೆಯ ಚಿಲಕ ನೋಡಿ ಎಷ್ಟು ಜನರನ್ನು ಜೈಲಿಗೆ ಕಳಿಸಿದವನು! ದೀಪದ ಬುಡದಲ್ಲೇ ಕತ್ತಲು ಎಂದರೆ ಇದೇ.

ಈಗ ತಿರುಗಿಸಿದ. ಅದೇ ಹೆಬ್ಬೆರಳು, ಅದೇ ಓರೆ ಗೀರು.

"ಒನೊರಾ, ಈ ಬೊಂಬೆ ಮಾಡಿದ್ದು ಯಾರು?"

ಒನೊರಾ ಕಾವಲಿಯ ಮೇಲಿನ ಕ್ರೆಪ್ ಮಗುಚುವುದನ್ನು ಮರೆತ. ಅದು ಸೀದ ವಾಸನೆ ಬಂದರೂ ಅವನು ಅಲುಗಾಡಲಿಲ್ಲ.

"ಆ ಮಗೂನ ಬಿಟ್ಬಿಡಿ ಇನ್ಸ್‌ಪೆಕ್ಟ್ರೇ."

"ಯಾವ ಮಗು?"

"ಮಗು ಅಂದ್ರೆ, ಐವತ್ತರ ಹತ್ರ ಬಂತು ಅವ್ಳಿಗೆ. ನನ್ ಕಣ್ಣಿಗೆ ಮಗುವೇ. ಎಸ್ತೆಲ್ ರುಮಿಯೂ. ಕೋಟೆಬಾಗಿಲ ಪಕ್ಕ, ನೀಲಿ ಬಾಗ್ಲು."

"ವಾರದಿಂದ ನನ್ನ ಹೆಂಡ್ತಿ ಫೋಟೋ ಹಿಡ್ಕೊಂಡು ನಿನ್ನ ಮುಂದೇ ಕೂತಿದೀನಲ್ಲೋ! ಬಾಯಲ್ಲಿ ಏನು ಕಡುಬು ಇಟ್ಕೊಂಡಿದ್ಯಾ?"

"ನಿಮ್ಮನ್ನ ನೋಡಿದ್ರೆ ಪಾಪ ಅನ್ಸತ್ತೆ. ಅವ್ಳನ್ನ ನೋಡಿದ್ರೂ ಪಾಪ ಅನ್ಸತ್ತೆ. ಮಧ್ಯದಲ್ಲಿ ಕಾಫಿ ಮಾಡೋನು ಏನಂತ ಬಾಯಿ ಬಿಡ್ಲಿ?" ಒನೊರಾ ಸೀದದ್ದನ್ನು ಕೆರೆದು ಬುಟ್ಟಿಗೆ ಹಾಕಿದ. "ಹೋಗಿ. ಆದ್ರೆ ಪೊಲೀಸಾಗಿ ಹೋಗ್ಬೇಡಿ."

*

ಆನ್ಸೆಲ್ಮ್ ನದಿಯ ದಂಡೆ ಹಿಡಿದು ನಡೆದ. ಗಾಳಿ ಎದುರಿನಿಂದ ನುಗ್ಗಿ ಕೋಟಿನ ಗುಂಡಿಗಳನ್ನು ಬಿಚ್ಚಲು ನೋಡುತ್ತಿತ್ತು. ಮುಂದೆ ದಂಡೆಯ ಮೇಲೆ ಎರಡು ಕಲ್ಲಿನ ಸಿಂಹಗಳು ಕೂತಿದ್ದವು. ಅವು ಕಾಯುತ್ತಿದ್ದ ರೈಲು ಸೇತುವೆ ಯುದ್ಧದಲ್ಲಿ ಬಾಂಬಿಗೆ ಹೋಯಿತು. ಸಿಂಹಗಳಿಗೆ ಯಾರೂ ಹೇಳಲಿಲ್ಲವೇನೋ, ಇನ್ನೂ ಕಾಯುತ್ತಿವೆ. ಆರ್ಮೆಲ್‌ಳ ಕೈಚೀಲ ಸಿಕ್ಕಿದ್ದು ಬಲಗಡೆಯ ಸಿಂಹದ ಕೆಳಗೆ.

ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ನಿಲ್ಲದೆ ಇರಲೂ ಆಗಲಿಲ್ಲ.

ವರ್ಷಕ್ಕೊಮ್ಮೆ, ಮೇಣದಬತ್ತಿ ಹಬ್ಬ ಮುಗಿಯುತ್ತಲೇ, ಆರ್ಮೆಲ್ ಒಬ್ಬಳೇ ಯಾವುದಾದರೂ ಹಳೆಯ ಊರು ನೋಡಲು ಹೊರಡುತ್ತಿದ್ದಳು. ಒಂದು ವರ್ಷ ಶಾರ್ತ್ರ್, ಇನ್ನೊಂದು ವರ್ಷ ರೀಮ್ಸ್, ಬೂರ್ಜ್, ರೂವಾನ್. ಮೊದಮೊದಲು "ನೀನೂ ಬಾ" ಎಂದು ಕರೆಯುತ್ತಿದ್ದಳು. "ಕಲ್ಲು ನೋಡಕ್ಕೆ ರೈಲು ಹತ್ಬೇಕಾ? ಹಿತ್ತಲಲ್ಲೇ ಬೇಕಾದಷ್ಟಿದೆ," ಎನ್ನುತ್ತಿದ್ದ ಈ ಮಹಾನುಭಾವ. ಆಮೇಲೆ ಅವಳು ಕರೆಯುವುದನ್ನು ಬಿಟ್ಟಳು. ವಾಪಸು ಬಂದು ಚರ್ಚಿನ ಕಿಟಕಿ, ಗೋಪುರ, ಗಡಿಯಾರ ಎಲ್ಲವನ್ನೂ ವರ್ಣಿಸುವಾಗ ಅವನು ಪತ್ರಿಕೆಯ ಹಿಂದಿನಿಂದ ಹೂಂಗುಟ್ಟುತ್ತಿದ್ದ.

ಅವಳು ಸತ್ತ ಮೇಲೆ ಆ ಊರುಗಳನ್ನೆಲ್ಲ ಅವನು ಪ್ರವಾಸಿಯಂತೆ ಒಂದೊಂದಾಗಿ ಸುತ್ತಿದ. ಹೆಂಡತಿ ನೋಡಿದ್ದನ್ನು ತಾನೂ ನೋಡಬೇಕೆಂದು ಹೋದವನಿಗೆ ಅವಳು ನೋಡಿಯೇ ಇಲ್ಲ ಎಂಬುದು ಕಾಣತೊಡಗಿತು. ಶಾರ್ತ್ರ್ ಚರ್ಚಿನ ನೆಲದ ಮೇಲೆ ಸುತ್ತುಸುತ್ತಾಗಿ ಕೆತ್ತಿದ ಹಾದಿಯಲ್ಲಿ ನಡೆದೆ ಎಂದಿದ್ದಳು. ಫೆಬ್ರವರಿಯಲ್ಲಿ ಅದರ ಮೇಲೆ ಸಾಲುಸಾಲು ಕುರ್ಚಿ ಹಾಕಿರುತ್ತಾರೆ, ಒಂದು ಹೆಜ್ಜೆಯನ್ನೂ ಇಡಲಾಗದು. ರೂವಾನ್‌ನ ಒಂಟಿ ಮುಳ್ಳಿನ ಗಡಿಯಾರದ ಬಗ್ಗೆ ಅವಳು ಹೇಳಿದ್ದು ಅಕ್ಷರಶಃ ಸರಿ. ಆದರೆ ಅಲ್ಲಿ ಅವನು ಇದ್ದಷ್ಟು ದಿನವೂ ಜಿಟಿಜಿಟಿ ಮಳೆ. ಅವಳ ಮಾತಿನಲ್ಲಿ ಒಂದು ವರ್ಷವೂ ಮಳೆ ಬಂದಿರಲಿಲ್ಲ, ಅವಳ ಬೂಟು ಒಂದು ವರ್ಷವೂ ಒದ್ದೆಯಾಗಿರಲಿಲ್ಲ.

ಪುಸ್ತಕದಲ್ಲಿ ಗಡಿಯಾರ ಇರುತ್ತದೆ, ಮಳೆ ಇರುವುದಿಲ್ಲ.

ಇನ್ನು ಆ ಮುತ್ತು. ಕೊನೆಯ ಕೆಲವು ವರ್ಷ ಆರ್ಮೆಲ್ ಹೊಸವರ್ಷದ ದಿನ ನೆಂಟರಿಗೆ ತಪ್ಪು ಕೆನ್ನೆ ಕೊಟ್ಟು ಮೂಗು ತಾಗಿಸಿಕೊಳ್ಳುತ್ತಿದ್ದಳು. ಮೂರಕ್ಕೆ ನಿಲ್ಲಿಸಿ, ಅಯ್ಯೋ ಎಂದು ನಾಲ್ಕನೆಯದಕ್ಕೆ ವಾಪಸು ಬರುತ್ತಿದ್ದಳು. ವಯಸ್ಸಾಯ್ತು ನಿಂಗೆ ಎಂದು ಎಲ್ಲರೂ ನಕ್ಕಿದ್ದರು. ಅವನು ಎಲ್ಲರಿಗಿಂತ ಜೋರಾಗಿ ನಕ್ಕಿದ್ದ.

ಇಲ್ಲಿ ಯಾರೋ ಇದ್ದರು. ಅವಳ ಕತ್ತನ್ನೇ ತಿರುಗಿಸುವಷ್ಟು ಹತ್ತಿರದವರು. ಗಂಡಸು ಎಂದೇ ಅವನು ಲೆಕ್ಕ ಹಾಕಿದ್ದ. ವರ್ಷವಿಡೀ ಆ ಗಂಡಸನ್ನು ಮನಸ್ಸಿನಲ್ಲೇ ಸಾವಿರ ಸಲ ಕೊಂದಿದ್ದ.

ನೀಲಿ ಬಾಗಿಲನ್ನು ಅವನು ಮುಷ್ಟಿಯಿಂದ ತಟ್ಟಿದ.

*

"ಬೇಗ ಒಳಗ್ ಬನ್ನಿ, ಗಾಳಿ ಬಿಡ್ಬೇಡಿ. ಬಣ್ಣ ಇನ್ನೂ ಹಸಿ ಇದೆ."

ಎಸ್ತೆಲ್ ರುಮಿಯೂ ಎತ್ತರದ ಹೆಂಗಸು. ನರೆತ ಕೂದಲನ್ನು ಕುಂಚದಿಂದಲೇ ಗಂಟು ಹಾಕಿಕೊಂಡಿದ್ದಳು. ಕೋಣೆಯ ತುಂಬ ಹಲಗೆಗಳು, ಹಲಗೆಗಳ ತುಂಬ ಬೊಂಬೆಗಳು. ಕಿಟಕಿಯಾಚೆ ನದಿ, ಸಿಂಹಗಳ ಬೆನ್ನು.

ಆನ್ಸೆಲ್ಮ್ ಪೆದ್ದನನ್ನು ಮೇಜಿನ ಮೇಲಿಟ್ಟ. "ಇದು ನಿಮ್ಮ ಕೈಕೆಲಸಾನಾ?"

"ಹೂಂ, ನಂದೇ. ಯಾಕೆ, ಕೈ ಮುರೀತಾ?"

"ನನ್ನ ಹೆಂಡ್ತಿ ತಂದಿದ್ದು. ರೂವಾನ್‌ನಲ್ಲಿ ಸಿಕ್ತು ಅಂದಿದ್ಲು."

"ಅಷ್ಟು ದೂರ ನನ್ನ ಬೊಂಬೆ ಹೋಗಲ್ಲ ಸ್ವಾಮಿ. ಇಲ್ಲೇ ಕೊಂಡಿರ್ತಾರೆ. ಪ್ರವಾಸಿಗರು ಎಷ್ಟೊಂದು ಜನ ಬರ್ತಾರೆ, ಹೋಗ್ತಾರೆ."

ಅವನು ಫೋಟೋ ಮುಂದಿಟ್ಟ. ಅವಳು ನೋಡಿ ತಕ್ಷಣ ಕಣ್ಣು ತೆಗೆದಳು.

"ಗೊತ್ತಿಲ್ಲ."

ಗೊತ್ತಿಲ್ಲದವರು ಫೋಟೋವನ್ನು ಹೊತ್ತುಗಟ್ಟಲೆ ನೋಡುತ್ತಾರೆ, ಹುಬ್ಬು ಗಂಟಿಕ್ಕುತ್ತಾರೆ, ಮನೆಯವರನ್ನು ಕರೆದು ತೋರಿಸುತ್ತಾರೆ. ಬೇಗ ಕಣ್ಣು ತೆಗೆಯುವವರು ಗೊತ್ತಿದ್ದವರು. ಇದು ಆನ್ಸೆಲ್ಮ್‌ಗೆ ಗೊತ್ತು. ಆದರೆ ಗೊತ್ತಿದ್ದುದನ್ನು ರುಜುವಾತು ಮಾಡುವುದು ಹೇಗೆ?

"ಸರಿಯಾಗಿ ನೋಡಿ. ಆರ್ಮೆಲ್ ಪ್ರಿಯೂ. ಹೋದ ವರ್ಷ ಆ ಸಿಂಹಗಳ ಹತ್ರ ನೀರಿಗೆ ಬಿದ್ಲು. ನಿಮ್ಮ ಕಿಟಕಿಯಿಂದ ಕಾಣ್ಸೋ ಜಾಗ."

"ಊರಿಗೆಲ್ಲಾ ಗೊತ್ತಿರೋ ವಿಷ್ಯ. ಪಾಪ. ಗಾಳಿ ಇತ್ತು ಅವತ್ತು."

"ನಿಮ್ಮ ಮನೇಲಿ ಇನ್ಯಾರಿದಾರೆ? ಅಣ್ಣ, ಗಂಡ, ಯಾರಾದ್ರೂ ಗಂಡಸ್ರು?"

"ಯಾರೂ ಇಲ್ಲ." ಅವಳ ದನಿ ಗಡುಸಾಯಿತು. "ಹೆಗಲು ಮುಟ್ಟಿ ನೋಡ್ಕೊಳ್ಳೋಕೆ ನಾನೇನು ಕುಂಬಳಕಾಯಿ ಕದ್ದಿಲ್ಲ. ವಿಚಾರಣೆ ಮಾಡೋಕೆ ಬಂದ್ರಾ, ಬೊಂಬೆ ಕೊಳ್ಳೋಕೆ ಬಂದ್ರಾ?"

ಪೊಲೀಸಾಗಿ ಹೋಗಬೇಡಿ ಎಂದಿದ್ದ ಒನೊರಾ. ಇವನು ಹೋದದ್ದೂ ಹಾಗೆಯೇ, ಕೆಟ್ಟದ್ದೂ ಹಾಗೆಯೇ.

ಅವನು ಫೋಟೋ ಎತ್ತಿಕೊಂಡ. ಜೇಬಿಗೆ ಹಾಕಲು ಹೋದರೆ ಕೈಗೆ ಜೇಬೇ ಸಿಗಲಿಲ್ಲ. ವರ್ಷದಿಂದ ಕಟ್ಟಿ ನಿಲ್ಲಿಸಿದ್ದೆಲ್ಲ ಆ ಅಪರಿಚಿತ ಕೋಣೆಯಲ್ಲಿ ಒಡೆಯಿತು. ಮಕ್ಕಳಂತೆ, ಮೂಗು ಸೋರಿಸಿಕೊಂಡು, ನಿಂತಲ್ಲೇ ಅತ್ತ.

"ಕ್ಷಮಿಸಿ," ಎಂದ. "ಅವ್ಳು ಕರೆದಾಗ ಒಂದ್ಸಲಾನೂ ಜೊತೆಗೆ ಹೋಗ್ಲಿಲ್ಲ ನಾನು. ಅಷ್ಟೇ. ಅದೇ ವಿಷ್ಯ. ಬರ್ತೀನಿ."

ಎಸ್ತೆಲ್ ಮೇಜು ಬಳಸಿಕೊಂಡು ಬಂದಳು. ಮಣ್ಣಾದ ಕೈಗಳನ್ನು ಬೆನ್ನ ಹಿಂದಿಟ್ಟುಕೊಂಡು, ಸಾವಿನ ಮನೆಯಲ್ಲಿ ಮಾಡುವಂತೆ, ಕೆನ್ನೆ ಚಾಚಿದಳು.

ಆನ್ಸೆಲ್ಮ್ ಅಭ್ಯಾಸಬಲದಿಂದ ಬಲಗೆನ್ನೆ ಕೊಟ್ಟ. ಮೂಗು ತಾಗಲಿಲ್ಲ. ಒಂದು, ಎರಡು, ಮೂರು. ಒನೊರಾನ ಬೈಗುಳ ನೆನಪಾಗಿ ಈ ಸಲ ಅವನೇ ಮೂರಕ್ಕೆ ಕತ್ತು ಹಿಂದೆಳೆದುಕೊಂಡ.

ಅವಳ ತುಟಿ ನಾಲ್ಕನೆಯದಕ್ಕೆ ಮುಂದೆ ಬಂದು, ಬರಿಗಾಳಿಗೆ ಮುತ್ತಿಟ್ಟಿತು.

ಆನ್ಸೆಲ್ಮ್ ಒಂದು ಹೆಜ್ಜೆ ಹಿಂದೆ ಸರಿದು ಅವಳನ್ನೇ ನೋಡಿದ. ಹೊರಗೆ ಗಾಳಿ ಯಾರದೋ ಮನೆಯ ಕಿಟಕಿಬಾಗಿಲನ್ನು ಬಡಿಯುತ್ತಿತ್ತು.

"ಆರ್ಲ್‌ನವ್ರು ಮೂರಕ್ಕೆ ನಿಲ್ಲಿಸ್ತಾರೆ," ಎಂದ ಆನ್ಸೆಲ್ಮ್. ದನಿ ಅವನಿಗೇ ಕೇಳಿಸದಷ್ಟು ಸಣ್ಣಗಿತ್ತು. "ಮೊದ್ಲು ಎಡಗೆನ್ನೆ ಕೊಡ್ತಾರೆ. ನೀವು ಬಲಗೆನ್ನೆ ಕೊಟ್ರಿ. ನಾಲ್ಕನೇದಕ್ಕೆ ಬಂದ್ರಿ. ಯಾರಮ್ಮ ಕಲ್ಸಿದ್ದು ನಿಮ್ಗೆ?"

ಅವಳು ಬೆನ್ನ ಹಿಂದಿನ ಕೈಗಳನ್ನು ಮುಂದೆ ತಂದು ಮುಖ ಮುಚ್ಚಿಕೊಂಡಳು. ಮಣ್ಣಿನ ಬೆರಳುಗಳ ಸಂದಿಯಿಂದ ಒಂದೇ ಮಾತು ಬಂತು.

"ಅಮ್ಮ."

*

ಆಮೇಲೆ ಅವಳು ಹೇಳಿದ್ದನ್ನು ಆನ್ಸೆಲ್ಮ್ ಸ್ಟೂಲಿನ ಮೇಲೆ ಕೂತು, ಪೆದ್ದನನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೇಳಿದ. ಅಡ್ಡಪ್ರಶ್ನೆ ಹಾಕಲಿಲ್ಲ. ಜೀವನದಲ್ಲಿ ಮೊದಲ ಸಲ ಹಾಕಲಿಲ್ಲ.

ಆರ್ಮೆಲ್‌ಗೆ ಆಗ ಹತ್ತೊಂಬತ್ತು. ಆನ್ಸೆಲ್ಮ್‌ನ ಮುಖವನ್ನೂ ನೋಡಿರದ ಕಾಲ. ಹೆತ್ತವಳು ಹೆಸರು ಹೇಳದೆಯೇ ಹೆತ್ತು, ಕೂಸನ್ನು ಬಿಟ್ಟು ಹೋಗಲು ಈ ದೇಶದ ಕಾನೂನು ಬಿಡುತ್ತದೆ. ಅವಳೂ ಹಾಗೆ ಬಿಟ್ಟು ಬಂದಳು. ಕೂಸನ್ನು ಆರ್ಲ್‌ನ ಬೊಂಬೆ ಮಾಡುವ ದಂಪತಿ ಸಾಕಿಕೊಂಡರು. ಎಷ್ಟೋ ವರ್ಷಗಳ ಮೇಲೆ ಕೂಸು ಹೆತ್ತವಳನ್ನು ಹುಡುಕಿತು, ಭೇಟಿಗೆ ತಾಯಿ ಒಪ್ಪಿದಳು.

"ಮೊದಲ್ನೇ ಸಲ ಬಂದಾಗ ಈ ಬಾಗಿಲಲ್ಲೇ ನಿಂತಿದ್ರು. ನಾನು ಎಡಗೆನ್ನೆ ಕೊಟ್ಟೆ, ಅವ್ರು ಬಲಗೆನ್ನೆ ಕೊಟ್ರು. ಮೂಗು ಡಿಕ್ಕಿ ಹೊಡೀತು. ಇಬ್ರೂ ಅಳೋದ್ ಬಿಟ್ಟು ನಕ್ಬಿಟ್ವಿ." ಎಸ್ತೆಲ್ ಈಗಲೂ ನಕ್ಕಳು, ಕಣ್ಣೀರು ಸುರಿಯುತ್ತಿದ್ದಂತೆಯೇ. "ಆಮೇಲೆ ಅವ್ರು ನನ್ ಥರ ಕಲಿಯೋಕೆ ನೋಡಿದ್ರು, ನಾನು ಅವ್ರ ಥರ. ಪ್ರತೀ ಸಲ ಏನೋ ಒಂದು ಎಡವಟ್ಟು."

"ನಂಗೆ ಯಾಕೆ ಹೇಳ್ಲಿಲ್ಲ?" ಎಂದ ಆನ್ಸೆಲ್ಮ್. "ನಾನೇನು ಹೊಡೀತಿದ್ನಾ? ಬಾಗ್ಲು ಹಾಕ್ತಿದ್ನಾ?"

"ಪ್ರತೀ ವರ್ಷ ಹೋಗುವಾಗ, ಈ ಸಲ ಹೇಳ್ಬಿಡ್ತೀನಿ ಅಂತಲೇ ಹೋಗ್ತಿದ್ರು." ಅವಳು ತಡೆದಳು. "ಹೇಳ್ಲಾ? ಬೇಜಾರ್ ಮಾಡ್ಕೋಬೇಡಿ. ಅವನಿಗೆ ಏನ್ ಹೇಳಿದ್ರೂ ಹೇಳಿಕೆ ಕೊಟ್ಟ ಹಾಗಾಗತ್ತೆ ಕಣೇ, ಯಾವಾಗ, ಎಲ್ಲಿ, ಯಾರ್ ಜೊತೆ ಅಂತ ಶುರು ಮಾಡ್ತಾನೆ, ಪಾಪ, ಅವನಿಗೆ ಬೇರೆ ಥರ ಕೇಳೋಕೆ ಬರಲ್ಲ ಅಂತಿದ್ರು."

ವರ್ಷವಿಡೀ ಗಂಡಸೊಬ್ಬನನ್ನು ಹುಡುಕಿಕೊಂಡು ಬಂದವನಿಗೆ ಕೊನೆಗೂ ಗಂಡಸು ಸಿಕ್ಕ, ಅದು ಅವನೇ. ಹೆಂಡತಿ ಸುಳ್ಳು ಹೇಳಿದ್ದು ಯಾರಿಗೋ ಸೋತಲ್ಲ, ಅವನ ಪ್ರಶ್ನೆಗಳಿಗೆ ಹೆದರಿ.

ಅವನು ಪೆದ್ದನನ್ನು ಮುಷ್ಟಿಯಲ್ಲಿ ಒಮ್ಮೆ ತಿರುಗಿಸಿ ಕೇಳಿದ. "ಅವತ್ತು ಏನಾಯ್ತು?"

ಎಸ್ತೆಲ್ ಕಿಟಕಿಯತ್ತ ನೋಡಿದಳು.

"ಅವತ್ತು ಅಮ್ಮ ಒಬ್ರೇ ಬರ್ಲಿಲ್ಲ."

ಆನ್ಸೆಲ್ಮ್ ಬೊಂಬೆಯನ್ನು ಮೆಲ್ಲಗೆ ಕೆಳಗಿಟ್ಟ.

"ಬೆಳಗ್ಗೆ ಫೋನ್ ಮಾಡಿ, ಎಸ್ತೆಲ್, ನಿನ್ ತಮ್ಮ ನನ್ ಹಿಂದೇನೇ ರೈಲು ಹತ್ತಿ ಬಂದ್ಬಿಟ್ಟಿದಾನೆ, ಎಲ್ಲಾ ಹೇಳ್ದೆ, ತುಂಬಾ ಸಿಟ್ಟಲ್ಲಿದಾನೆ, ಮೊದ್ಲು ಸಮಾಧಾನ ಮಾಡಿ ಕರ್ಕೊಂಡ್ ಬರ್ತೀನಿ ಅಂದ್ರು. ಈ ಕಿಟಕಿಯಿಂದ ನೋಡ್ದೆ. ಸಿಂಹದ ಹತ್ರ ಇಬ್ರೂ ನಿಂತಿದ್ರು. ಅಮ್ಮ ಕೈ ಬೀಸಿ, ಇರು, ಬರ್ತೀವಿ ಅಂತ ಸನ್ನೆ ಮಾಡಿದ್ರು. ನಾನು ಖುಷಿಯಿಂದ ಒಲೆ ಹಚ್ಚೋಕೆ ಹೋದೆ. ಮೂರು ತಟ್ಟೆ ಇಟ್ಟೆ. ಗೂಳಿ ಮಾಂಸದ ಸಾರು, ಅನ್ನ. ತಮ್ಮ ಮೊದಲ್ನೇ ಸಲ ಊಟಕ್ಕೆ ಬರ್ತಿದಾನಲ್ಲ ಅಂತ." ಅವಳು ಮಣ್ಣಿನ ಕೈಯಿಂದಲೇ ಕೆನ್ನೆ ಒರೆಸಿಕೊಂಡಳು. "ಸಾರು ಆರೋಯ್ತು. ಯಾರೂ ಬರ್ಲಿಲ್ಲ."

"ತಮ್ಮ," ಎಂದ ಆನ್ಸೆಲ್ಮ್. ಅವನಿಗಿದ್ದವನು ಒಬ್ಬನೇ ಮಗ, ಗಿಲ್ದಾಸ್.

"ಪೊಲೀಸ್ರಿಗೆ ನಾನು ಹೇಳ್ಲಿಲ್ಲ. ತಪ್ಪು ಅಂತ ಗೊತ್ತು. ತಳ್ಳಿದ್ನಾ, ಜಾರಿದ್ರಾ, ನಾನು ಕಂಡಿಲ್ಲ. ಅಮ್ಮನ್ನ ಎರಡ್ನೇ ಸಲ ಕಳ್ಕೊಂಡಿದ್ದೆ. ಅವ್ರ ಮಗನ್ನ ನಾನೇ ಹಿಡ್ಕೊಟ್ರೆ ಅವ್ರು ನನ್ನ ಮಗಳು ಅಂತಾರಾ?"

"ಗಿಲ್ದಾಸ್ ಅವತ್ತು ಬ್ರೆಸ್ಟ್‌ನಲ್ಲಿದ್ದ. ಹಡಗಿನ ಕೆಲಸದಲ್ಲಿ." ಆನ್ಸೆಲ್ಮ್ ಎದ್ದು ನಿಂತ. "ನಂಗೆ ಅವನೇ ಹೇಳಿದಾನೆ. ಬೇರೆ ಯಾರನ್ನೋ ನೋಡಿದೀಯಮ್ಮ ನೀನು."

ಎಸ್ತೆಲ್ ವಾದ ಮಾಡಲಿಲ್ಲ. ಮೂಲೆಯ ಹಲಗೆಯ ಮೇಲಿನ ಒದ್ದೆ ಬಟ್ಟೆ ಸರಿಸಿದಳು.

"ನಾನು ಕಂಡ ಮುಖಗಳನ್ನ ಮಣ್ಣಲ್ಲಿ ಮಾಡ್ದೇ ಇರೋಕೆ ನಂಗಾಗಲ್ಲ."

ಎರಡು ಬೊಂಬೆಗಳಿದ್ದವು. ಒಂದು ಕಂದು ಕೋಟಿನ ಹೆಂಗಸು, ಕೈಯಲ್ಲಿ ಪುಟ್ಟ ಪೆಟ್ಟಿಗೆ, ಪ್ರವಾಸಕ್ಕೆ ಹೊರಟವಳು. ಆರ್ಮೆಲ್. ಹುಬ್ಬಿನ ಮೇಲಿನ ಸುಕ್ಕೂ ಅವಳದೇ. ಇನ್ನೊಂದು ಗಂಡಸು, ಇನ್ನೂ ಬಣ್ಣ ಕಾಣದ ಹಸಿಮಣ್ಣು. ಎಡಗಾಲಿನ ಮೇಲೆ ಭಾರ ಹಾಕದೆ, ಸೊಂಟ ವಾರೆ ಮಾಡಿ, ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದ.

ಮಗನಿಗೆ ಸೈಕಲ್ ಕಲಿಸುವಾಗ ಕೈ ಬಿಟ್ಟವನು ಆನ್ಸೆಲ್ಮ್. ಬಿದ್ದು ಎಡಗಾಲು ಮುರಿದು ಕೂಡಿದ ಮೇಲೆ ಗಿಲ್ದಾಸ್ ನಿಲ್ಲುವುದೇ ಹಾಗೆ. ಲೋಕದಲ್ಲಿ ಇನ್ಯಾರೂ ಹಾಗೆ ನಿಲ್ಲುವುದಿಲ್ಲ.

ಶವಾಗಾರದಲ್ಲಿ ತಾಯಿಯ ಮುಖದ ಬಟ್ಟೆ ಸರಿಸಿದಾಗ ಗಿಲ್ದಾಸ್ ಅಪ್ಪನ ಭುಜಕ್ಕೆ ತಲೆಯಿಟ್ಟು ಅತ್ತಿದ್ದ. "ಅಮ್ಮ ಇಲ್ಲಿಗೆ ಯಾಕ್ ಬಂದ್ಲು ಅಪ್ಪ?" ಎಂದು ಕೇಳಿದ್ದ. ಆ ಪ್ರಶ್ನೆಗೆ ಉತ್ತರ ಹುಡುಕಿಕೊಡಬೇಕೆಂದೇ ಮುದುಕ ವರ್ಷವಿಡೀ ಊರೂರು ಅಲೆದದ್ದು. ಮಗ ತಪ್ಪದೆ ಫೋನ್ ಮಾಡುತ್ತಿದ್ದ. ಇವತ್ತು ಯಾವ ಊರಲ್ಲಿದೀಯ ಅಪ್ಪ, ನಾಳೆ ಯಾವ ಊರು ಎಂದು. ತಾಯಿಯಿಲ್ಲದ ಮೇಲೆ ಪ್ರೀತಿ ಜಾಸ್ತಿಯಾಗಿದೆ ಎಂದುಕೊಂಡಿದ್ದ. ಆರ್ಲ್ ಎಂದರೆ ಮಗ ನೊಂದಾನೆಂದು ಈ ವಾರವೆಲ್ಲ, ಇನ್ನೊಂದ್ಸಲ ರೂವಾನ್‌ಗೆ ಬಂದಿದೀನಿ ಎಂದು ಸುಳ್ಳು ಹೇಳಿದ್ದ.

ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಗಿಲ್ದಾಸ್.

ಎಸ್ತೆಲ್ ಹೆಸರು ಓದಿ ಎರಡು ಹೆಜ್ಜೆ ಹಿಂದೆ ಸರಿದಳು. ಆನ್ಸೆಲ್ಮ್ ಫೋನನ್ನು ಕಿವಿಗಿಟ್ಟುಕೊಂಡ. ಗಂಟಲು ಸರಿಮಾಡಿಕೊಂಡ.

"ಏನೋ ಮರಿ?"

"ಎಲ್ಲಿದೀಯ ಅಪ್ಪ?"

"ರೂವಾನ್‌ನಲ್ಲೇ ಕಣೋ. ಗಡಿಯಾರದ ಕೆಳಗೆ ನಿಂತಿದೀನಿ."

"ಮಳೆ ಬರ್ತಿದ್ಯಾ?"

"ಹೂಂ. ಅದೇ ಜಿಟಿಜಿಟಿ."

ಆ ಕಡೆಯಿಂದ ಉಸಿರು ಕೇಳಿಸಿತು. ಉಸಿರಿನ ಹಿಂದೆ ಗಾಳಿ. ಭೋರೆಂದು, ಬಿಡುವೇ ಇಲ್ಲದ ಗಾಳಿ. ರೂವಾನ್‌ನಲ್ಲೂ ಇಲ್ಲ, ಬ್ರೆಸ್ಟ್‌ನಲ್ಲೂ ಇಲ್ಲ ಅಂಥ ಗಾಳಿ.

"ಅಮ್ಮ ಸುಳ್ಳು ಹೇಳ್ವಾಗ ಮಳೆ ಮರೆತುಬಿಡ್ತಿದ್ಲು," ಎಂದ ಗಿಲ್ದಾಸ್. ಅಳುತ್ತಿದ್ದನೋ ಏನೋ. "ನೀನು ಮಳೆ ಮರೀಲಿಲ್ಲ. ಪೊಲೀಸಲ್ವಾ."

"ಗಿಲ್ದಾಸ್..."

"ಮತ್ತೆ ರೂವಾನ್ ಅಂದಾಗ್ಲೇ ಇಲ್ಲಿಗೇ ಬಂದಿದೀಯ ಅಂತ ಗೊತ್ತಾಯ್ತು. ನೀಲಿ ಬಾಗಿಲೊಳಗೆ ನೀ ಹೋಗಿದ್ ನೋಡ್ದೆ ಅಪ್ಪ. ಸಿಂಹದ ಹತ್ರ ಇದೀನಿ. ಒಬ್ನೇ ಬಾ."

ಫೋನ್ ಕಟ್ಟಾಯಿತು.

ಆನ್ಸೆಲ್ಮ್ ಕಿಟಕಿಗೆ ಬಂದ. ಬಲಗಡೆಯ ಸಿಂಹದ ಬೆನ್ನ ಬಳಿ, ನೀರಿನ ಅಂಚಿಗೆ ತೀರ ಹತ್ತಿರ, ಒಂದು ಆಕೃತಿ ನಿಂತಿತ್ತು. ಎಡಗಾಲಿಗೆ ಭಾರ ಹಾಕದೆ, ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು. ಅಪ್ಪನನ್ನು ಕೊಲ್ಲಲು ಕರೆಯುತ್ತಿದ್ದಾನೋ, ತಾನೇ ಹಾರುವುದನ್ನು ಅಪ್ಪ ನೋಡಲಿ ಎಂದು ಕರೆಯುತ್ತಿದ್ದಾನೋ, ಮುದುಕನಿಗೆ ತಿಳಿಯಲಿಲ್ಲ. ಎರಡರಲ್ಲಿ ಯಾವುದೇ ಆದರೂ ಹೋಗಲೇಬೇಕು. ಒಮ್ಮೆ ತಾನು ಕೈ ಬಿಟ್ಟಿದ್ದ ಮಗ.

ಅವನು ಕೋಟಿನ ಗುಂಡಿ ಹಾಕಿಕೊಂಡು ಬಾಗಿಲ ಚಿಲಕಕ್ಕೆ ಕೈಯಿಟ್ಟ.

ಹಿಂದೆ ಕಪಾಟು ತೆರೆದ ಸದ್ದಾಯಿತು. ತಿರುಗಿದರೆ, ಎಸ್ತೆಲ್ ಮೇಜಿನ ಮೇಲಿನ ಮಣ್ಣನ್ನು ಒರೆಸಿ ತಟ್ಟೆಗಳನ್ನು ಇಡುತ್ತಿದ್ದಳು. ಒಂದು, ಎರಡು, ಮೂರು. ಅವಳು ತಲೆ ಎತ್ತಲಿಲ್ಲ.

"ಈ ಸಲ ಒಬ್ರಾದ್ರೂ ವಾಪಸ್ ಬನ್ನಿ," ಎಂದಳು.